ಹೊಸ ಮನೆಗೆ ಗಾಳಿ ಸೋರಿಕೆಯ ಪರೀಕ್ಷೆ ಬೇಕೇ?

ಮೈಸೂರಿನ ಬೋಗಾದಿಯಿಂದ ಪ್ರಶ್ನೆ: ರಿಂಗ್ ರಸ್ತೆಯಾಚೆ ಮನೆ ಕಟ್ಟಿಸುತ್ತಿದ್ದೇವೆ. ಗಾರೆ ಕೆಲಸ ಮುಗಿದಿದೆ, ಕಿಟಕಿ ಇನ್ನೂ ಬಂದಿಲ್ಲ. ಇಂಗ್ಲೆಂಡಿನಲ್ಲಿರುವ ಮಗಳು, ಅಲ್ಲಿ ಹೊಸ ಮನೆಗಳಿಗೆ ಗಾಳಿ ಸೋರಿಕೆಯ ಪರೀಕ್ಷೆ ಕಡ್ಡಾಯ, ನೀವೂ ಮಾಡಿಸಿ ಎನ್ನುತ್ತಾಳೆ. ಒಂದು ಮಲಗುವ ಕೋಣೆಗೆ ಮಾತ್ರ ಎಸಿ. ಧೂಳಿನ ಕಾಟವಂತೂ ಹೇಳತೀರದು. ಅನುಭವವಿದ್ದವರು ತಿಳಿಸಿ.

ವಿಜಯನಗರದಿಂದ: ಅಲ್ಲಿ ಮುಂಬಾಗಿಲಿಗೆ ಪರದೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ತರುತ್ತಾರೆ. ಅದನ್ನು ಉಳಿಸಿಕೊಳ್ಳಲು ಫ್ಯಾನ್ ಎಷ್ಟು ಗಾಳಿ ಸಾಗಿಸಬೇಕಾಯಿತೋ ಅಷ್ಟು ಸೋರಿಕೆ. 2022ರಿಂದ ಇಂಗ್ಲೆಂಡಿನಲ್ಲಿ ಗೋಡೆ, ನೆಲ, ಛಾವಣಿ ಸೇರಿಸಿ ಪ್ರತಿ ಚದರ ಮೀಟರಿಗೆ ಗಂಟೆಗೆ 8 ಘನ ಮೀಟರ್ ಮೀರುವಂತಿಲ್ಲ. ತೀರಾ ಕಡಿಮೆ ಇಂಧನ ಬೇಡುವ ಮನೆಗಳಿಗೆ ಮಾನದಂಡ ಮಾಡಿದ ಜರ್ಮನಿಯ ಪ್ಯಾಸಿವ್ ಹೌಸ್‌ನವರು ಇನ್ನೂ ಬಿಗಿ: ಅದೇ ಒತ್ತಡದಲ್ಲಿ ಗಂಟೆಗೆ ಮನೆಯೊಳಗಿನ ಗಾಳಿಯ 0.6 ಪಾಲು ಮಾತ್ರ ಬದಲಾಗಬಹುದು. ಚಳಿಗಾಲವಿಡೀ ಮನೆ ಕಾಯಿಸುವವರಿಗೆ ಅದು ಸರಿ. ವರ್ಷದ ಬಹುಪಾಲು ಕಿಟಕಿ ತೆರೆದೇ ಬದುಕುವ ನಮಗೆ ದುಡ್ಡು ದಂಡ. ಮನೆಗಳಲ್ಲಿ ಇಂಧನ ಉಳಿಸಲೆಂದು ಬಂದ ನಮ್ಮ ದೇಶದ 2018ರ ನಿಯಮಾವಳಿ ಇಕೋ ನಿವಾಸ್ ಸಂಹಿತಾ ಕೂಡ, ನೆಲದ ವಿಸ್ತೀರ್ಣಕ್ಕೆ ತಕ್ಕಷ್ಟು ತೆರೆಯುವ ಕಿಟಕಿ ಇರಲಿ ಎಂದೇ ಹೇಳುತ್ತದೆ.

ಸಿದ್ಧಾರ್ಥ ಬಡಾವಣೆಯಿಂದ: ಇಡೀ ಮನೆ ಬೇಡ, ಎಸಿ ಕೋಣೆಯೊಂದನ್ನು ನೋಡಿಕೊಳ್ಳಿ. ಊದುಬತ್ತಿಯ ಊರಿನಲ್ಲಿ ಇದಕ್ಕೆ ಯಂತ್ರವೇಕೆ! ಗಾಳಿಯಿಲ್ಲದ ಬೆಳಿಗ್ಗೆ ಕೋಣೆಯ ಕಿಟಕಿ, ಬಾಗಿಲು ಹಾಕಿ, ಸೀಲಿಂಗ್ ಫ್ಯಾನ್ ಆರಿಸಿ. ಬಚ್ಚಲುಮನೆಯ ಬಾಗಿಲು ತೆರೆದು ಅಲ್ಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ. ಹೊತ್ತಿಸಿದ ಊದುಬತ್ತಿಯನ್ನು ಕಿಟಕಿಯ ಅಂಚು, ಸ್ವಿಚ್ ಬೋರ್ಡ್, ಎಸಿ ಪೈಪಿನ ರಂಧ್ರ, ಬಾಗಿಲ ಕೆಳಗಿನ ಸಂದುಗಳ ಬಳಿ ಹಿಡಿಯಿರಿ. ಹೊಗೆ ಒಳಮುಖವಾಗಿ ಬಾಗಿದರೆ ಅಲ್ಲಿ ಸೋರಿಕೆ. ನಮ್ಮಲ್ಲಿ ಹೆಚ್ಚು ಸಿಕ್ಕಿದ್ದು ಸ್ಲೈಡಿಂಗ್ ಕಿಟಕಿಯ ಎರಡು ಕದ ಸೇರುವ ನಡುಗೆರೆಯಲ್ಲಿ. ನಿಮಗಿನ್ನೂ ಕಿಟಕಿ ಬಂದಿಲ್ಲವಾದ್ದರಿಂದ ಆ ಕೋಣೆಗಾದರೂ ರಬ್ಬರ್ ಪಟ್ಟಿಯ ಮೇಲೆ ಒತ್ತಿ ಮುಚ್ಚುವ, ಕೀಲಿನ ಕಿಟಕಿ ಹೇಳಿ. ಸ್ಲೈಡಿಂಗೇ ಆದರೆ ಕೆಳಗಿನ ಹಳಿಯಲ್ಲಿ ನೀರು ಹೋಗುವ ತೂತು ಮುಚ್ಚಿಸಬೇಡಿ, ಮಳೆನೀರು ಒಳಗೇ ನಿಲ್ಲುತ್ತದೆ.

ಮಂಡ್ಯದಿಂದ: ನಮ್ಮ ಕಡೆ ಧೂಳಿನ ಜೊತೆ ಆಲೆಮನೆಯ ಹೊಗೆ, ಗದ್ದೆಯಲ್ಲಿ ತರಗು ಸುಟ್ಟ ಮಸಿ. ಇದೆಲ್ಲ ನುಗ್ಗುವುದು ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿನಿಂದ. ಕೆಲಸದವರು ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಹೋಗುತ್ತಾರೆ, ಒಂದು ಬೇಸಿಗೆ ಕಳೆದರೆ ಬಿರುಕು. ಮೊದಲು ಫೋಮ್ ತುಂಬಿಸಿ, ಆಮೇಲೆ ಬಣ್ಣ, ಕೊನೆಗೆ ಹೊರಗಡೆ ಸಿಲಿಕಾನ್ ಹಾಕಿಸಿ. ಎದುರಿಗೇ ನಿಂತು ಮಾಡಿಸಿ.

ಕುವೆಂಪುನಗರದಿಂದ: ಊದುಬತ್ತಿಯ ಉಪಾಯ ಚೆನ್ನಾಗಿದೆ, ಆದರೆ ಬಚ್ಚಲುಮನೆಯ ವೆಂಟಿಲೇಟರ್ ತೆರೆದಿದ್ದರೆ ಫ್ಯಾನ್ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಮಾತ್ರ ವೃತ್ತಪತ್ರಿಕೆ ಅಂಟಿಸಿ, ಮುಗಿದೊಡನೆ ಕಿತ್ತುಹಾಕಿ. ಗ್ಯಾಸ್ ಗೀಸರ್ ಇದ್ದರೆ ಪರೀಕ್ಷೆಯ ವೇಳೆ ಉರಿಸಲೇಬೇಡಿ. ಧೂಳು ಬರುತ್ತದೆಂದು ಆ ವೆಂಟಿಲೇಟರನ್ನು ಶಾಶ್ವತವಾಗಿ ಮುಚ್ಚುವವರಿದ್ದಾರೆ. ಗಾಳಿ ಸಾಲದೆ ಗೀಸರ್ ಉರಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿಮ್ಮದು ಸೋಲಾರೋ, ಗ್ಯಾಸೋ?

ಬೋಗಾದಿಯಿಂದ: ಸೋಲಾರ್, ಮೋಡದ ದಿನಕ್ಕೆ ಗ್ಯಾಸ್. ಗೀಸರನ್ನು ಬಚ್ಚಲಿನಿಂದ ಹೊರಗೆ, ಯುಟಿಲಿಟಿಯ ತೆರೆದ ಗೋಡೆಗೆ ಹಾಕಲು ಪ್ಲಂಬರಿಗೆ ಹೇಳುತ್ತೇನೆ. ಎಸಿ ಕೋಣೆಯ ಕಿಟಕಿಯ ಆರ್ಡರನ್ನೂ ಇಂದೇ ಬದಲಿಸುತ್ತೇನೆ.