ಪೊಲೀಸರ ಬಳಿ ಹೋಗದ ಆ ಸಾಮಾನ್ಯ ಮನುಷ್ಯನನ್ನು ನಾವು ಎಲ್ಲಿಯವರೆಗೆ ನಂಬುತ್ತೇವೆ?

ಪ್ರಶ್ನೆ: ರಾತ್ರಿಯ ಓದುಗ

ಎಲ್ಲರಿಗೂ ನಮಸ್ಕಾರ.

ಅಪರಾಧ ಜಗತ್ತಿನ ನೆರಳೂ ತಾಕದೆ ಬದುಕಿದ ಒಬ್ಬ ಮನುಷ್ಯ, ಗುಮಾಸ್ತನೋ ಮೇಷ್ಟರೋ ಲೆಕ್ಕಪತ್ರ ಬರೆಯುವವನೋ, ಒಂದು ದಿನ ಇದ್ದಕ್ಕಿದ್ದಂತೆ ಅದರ ನಡುವೆ ಸಿಕ್ಕಿಕೊಳ್ಳುವ ಥ್ರಿಲ್ಲರ್ ಕಾದಂಬರಿಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ವೃತ್ತಿನಿರತ ಪತ್ತೇದಾರನ ಕಥೆಯಲ್ಲಿ ಹೆಣ ಕಂಡರೆ ಅವನ ಕೆಲಸ ಆರಂಭವಾಯಿತೆಂದು ಅರ್ಥ. ಇವನ ಕಥೆಯಲ್ಲಿ ಹೆಣ ಕಂಡರೆ ಅಲ್ಲಿಯವರೆಗಿನ ಬದುಕು ಮುಗಿಯಿತೆಂದು ಅರ್ಥ. ಈ ವ್ಯತ್ಯಾಸದಿಂದಾಗಿಯೇ ನಾನು ಮತ್ತೆ ಮತ್ತೆ ಇಂಥ ಪುಸ್ತಕಗಳನ್ನೇ ಹುಡುಕಿಕೊಂಡು ಹೋಗುತ್ತೇನೆ.

ಕಳೆದ ವಾರ ಅಂಥದೊಂದು ಕಾದಂಬರಿಯನ್ನು ಮುಕ್ಕಾಲು ಪಾಲು ಓದಿ ಕೆಳಗಿಟ್ಟೆ. (ಹೆಸರು ಹೇಳುವುದಿಲ್ಲ, ಈಗ ಓದುತ್ತಿರುವವರ ಕುತೂಹಲ ಕೆಡಬಾರದು.) ಸಹೋದ್ಯೋಗಿಯೊಬ್ಬ ‘ಎರಡು ದಿನ ಇಟ್ಟುಕೊಂಡಿರು’ ಎಂದು ಕೊಟ್ಟ ಲಕೋಟೆಯಿಂದ ಕಥೆ ಶುರುವಾಗುತ್ತದೆ. ಮರುದಿನ ಆ ಸಹೋದ್ಯೋಗಿ ಸತ್ತು ಬಿದ್ದಿರುವುದನ್ನು ನಾಯಕನೇ ಮೊದಲು ನೋಡುತ್ತಾನೆ, ಆದರೆ ಪೊಲೀಸರಿಗೆ ತಿಳಿಸುವುದಿಲ್ಲ. ಏಕೆ ತಿಳಿಸಲಿಲ್ಲ ಎಂಬುದಕ್ಕೆ ಲೇಖಕರು ಒಂದು ಸಾಲನ್ನೂ ಬರೆದಿಲ್ಲ. ಅದನ್ನೂ ಸಹಿಸಿಕೊಂಡೆ. ಆದರೆ ಬೀಗ ತೆಗೆಯುವಾಗಲೂ ಕೈ ನಡುಗುತ್ತಿದ್ದ ಅದೇ ಮನುಷ್ಯ ಕೆಲವೇ ಅಧ್ಯಾಯಗಳ ನಂತರ ಕತ್ತಲಲ್ಲಿ ಮೂವರ ಮೇಲೆ ಗುರಿ ತಪ್ಪದೆ ಗುಂಡು ಹಾರಿಸಿದಾಗ ಮಾತ್ರ ನನ್ನಿಂದ ಮುಂದಕ್ಕೆ ಓದಲಾಗಲಿಲ್ಲ.

ಇಂಥ ನಾಯಕನನ್ನು ನೀವು ಎಲ್ಲಿಯವರೆಗೆ ನಂಬುತ್ತೀರಿ, ಯಾವ ಘಟ್ಟದಲ್ಲಿ ಕೈಬಿಡುತ್ತೀರಿ? ಇದರ ಜೊತೆಗೆ ನನ್ನನ್ನು ಕಾಡುವ ಇನ್ನೊಂದು ಸಂಗತಿಯೂ ಇದೆ. ಅವನು ಹೇಳುವ ಮೊದಲ ಸುಳ್ಳನ್ನು ನಾನು ಕ್ಷಮಿಸುತ್ತೇನೆ, ಎರಡನೆಯದನ್ನೂ ಕ್ಷಮಿಸುತ್ತೇನೆ, ಕೊನೆಗೆ ತನಿಖಾಧಿಕಾರಿ ಬಾಗಿಲು ತಟ್ಟಿದಾಗ ಅವನು ಸಿಕ್ಕಿಬೀಳದಿರಲಿ ಎಂದು ಉಸಿರು ಬಿಗಿಹಿಡಿದು ಕೂರುತ್ತೇನೆ. ತನಿಖೆಯ ದಾರಿ ತಪ್ಪಿಸಿದವನ ಬಗ್ಗೆ ನಿಜ ಜೀವನದಲ್ಲಿ ನನಗೆ ಇಂಥ ಮರುಕ ಹುಟ್ಟುವುದಿಲ್ಲ. ಕಾದಂಬರಿಯಲ್ಲಿ ಹುಟ್ಟುವುದೇಕೆ?

ಉತ್ತರ 1: ಹಳೆಯ ಕಪಾಟು

ನಿಮ್ಮ ಮೊದಲ ಆಕ್ಷೇಪದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂಥ ಕಥೆಗಳ ಅಡಿಪಾಯ ಇರುವುದೇ ಅಲ್ಲಿ. ಸಾಮಾನ್ಯ ಮನುಷ್ಯನಿಗೆ ಆಪತ್ತು ಬಂದರೆ ಅವನು ಪೊಲೀಸರ ಬಳಿ ಹೋಗುತ್ತಾನೆ; ಹೋದರೆ ಕಥೆ ಮೂವತ್ತನೆಯ ಪುಟದಲ್ಲೇ ಮುಗಿಯುತ್ತದೆ. ಆದುದರಿಂದ ಆ ಬಾಗಿಲನ್ನು ಮುಚ್ಚುವುದು ಲೇಖಕನ ಮೊದಲ ಕೆಲಸ, ಅದನ್ನು ಓದುಗರ ಕಣ್ಣೆದುರಿಗೇ ಮುಚ್ಚಬೇಕು.

ಜಾನ್ ಬುಕನ್ 1915ರಲ್ಲಿ ಪ್ರಕಟಿಸಿದ ‘ದಿ ಥರ್ಟಿ ನೈನ್ ಸ್ಟೆಪ್ಸ್’ ಈ ಕೆಲಸವನ್ನು ಹೇಗೆ ಮಾಡಿದೆಯೆಂದು ನೋಡಿ. ಆಶ್ರಯ ಬೇಡಿ ಬಂದ ಅಪರಿಚಿತನೊಬ್ಬ ರಿಚರ್ಡ್ ಹ್ಯಾನೆಯ ಮನೆಯಲ್ಲೇ ಚೂರಿಯ ಇರಿತದಿಂದ ಸತ್ತು ಬಿದ್ದಿರುತ್ತಾನೆ. ಹ್ಯಾನೆ ಕೂಡಲೇ ಓಡುವುದಿಲ್ಲ, ಕುಳಿತು ಯೋಚಿಸುತ್ತಾನೆ. ಸತ್ತವನು ಹೇಳಿದ ವಿಚಿತ್ರ ಕಥೆಯನ್ನು ಪೊಲೀಸರು ನಂಬಲಾರರು, ಕೊಲೆಯ ಆರೋಪ ತನ್ನ ಮೇಲೇ ಬರುತ್ತದೆ, ಸತ್ತವನು ತಡೆಯಲು ಹೊರಟಿದ್ದ ಅನಾಹುತವೂ ನಡೆದುಹೋಗುತ್ತದೆ ಎಂಬ ಮೂರು ಲೆಕ್ಕಗಳನ್ನು ಅವನು ನಮ್ಮ ಮುಂದೆಯೇ ಹಾಕುವುದರಿಂದ, ಅವನು ಓಡಲು ತೊಡಗುವ ಹೊತ್ತಿಗೆ ನಾವೂ ಅವನ ಜೊತೆ ಓಡುತ್ತಿರುತ್ತೇವೆ. ಹಿಂದೆ ಕೊಲೆಗಾರರು, ಅವರ ಹಿಂದೆ ಪೊಲೀಸರು ಎಂಬ ಈ ಜೋಡಿ ಬೆನ್ನಟ್ಟುವಿಕೆಯನ್ನು ಹಿಚ್‌ಕಾಕ್ 1935ರಲ್ಲಿ ತೆರೆಗೆ ತಂದರು, ಮುಂದೆಯೂ ಅದೇ ಮಾದರಿಗೆ ಹಲವು ಬಾರಿ ಮರಳಿದರು.

ಬುಕನ್ ತಮ್ಮ ಪುಸ್ತಕದ ಅರ್ಪಣೆಯಲ್ಲಿ ಈ ಬಗೆಯ ಕಥೆಗೆ ಒಂದು ಗಡಿಯನ್ನೂ ಹಾಕಿಕೊಟ್ಟಿದ್ದಾರೆ. ಘಟನೆಗಳು ಸಂಭವನೀಯತೆಯನ್ನು ಮೀರಬಹುದು, ಸಾಧ್ಯತೆಯನ್ನು ಮೀರಬಾರದು ಎಂಬುದು ಅದರ ಸಾರ. ನೀವು ಕೆಳಗಿಟ್ಟ ಕಾದಂಬರಿ ಎಡವಿದ್ದು ಈ ಗಡಿಯಲ್ಲೇ ಇರಬೇಕು.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹ್ಯಾನೆ ಪೂರ್ತಿ ಸಾಮಾನ್ಯನಲ್ಲ. ಅವನು ಗಣಿ ಎಂಜಿನಿಯರ್, ಬಯಲುಸೀಮೆಯಲ್ಲಿ ಅಡಗಿಕೊಂಡು ಸಾಗುವುದನ್ನು ಬಲ್ಲವನು, ಗುಪ್ತಲಿಪಿಯನ್ನು ಬಿಡಿಸುವ ಅಭ್ಯಾಸವೂ ಅವನಿಗಿದೆ. ನನ್ನಂಥವನು ಅವನ ಜಾಗದಲ್ಲಿದ್ದಿದ್ದರೆ ಮೊದಲ ರೈಲು ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಿದ್ದೆ.

ಉತ್ತರ 2: ಕೂಡಿಕಳೆ

ನಾನು ಮೂರು ದಶಕ ಲೆಕ್ಕಪರಿಶೋಧನೆಯ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಸುಳ್ಳನ್ನು ನಾವೇಕೆ ಕ್ಷಮಿಸುತ್ತೇವೆ ಎಂಬುದಕ್ಕೆ, ನನ್ನ ವೃತ್ತಿಯ ಕಡೆಯಿಂದ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ, ತಮ್ಮ ವಶದಲ್ಲಿದ್ದ ಇತರರ ಹಣವನ್ನು ದುರುಪಯೋಗಪಡಿಸಿಕೊಂಡು ಜೈಲು ಸೇರಿದವರನ್ನು ಮಾತನಾಡಿಸಿ 1953ರಲ್ಲಿ ‘ಅದರ್ ಪೀಪಲ್ಸ್ ಮನಿ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ನಂಬಿಗಸ್ತನೊಬ್ಬ ಅಪರಾಧಿಯಾಗಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಸೇರಬೇಕು ಎಂದು ಅವರು ಕಂಡುಕೊಂಡರು: ಯಾರೊಂದಿಗೂ ಹೇಳಿಕೊಳ್ಳಲಾಗದ ಒಂದು ಹಣದ ತೊಂದರೆ, ಅದನ್ನು ಗುಟ್ಟಾಗಿ ನೀಗಿಸಿಕೊಳ್ಳಲು ತನ್ನ ಹುದ್ದೆಯಲ್ಲಿರುವ ಅವಕಾಶ, ಮತ್ತು ತಾನು ಮಾಡುತ್ತಿರುವುದು ಕಳ್ಳತನವಲ್ಲ ಎಂದು ತನ್ನನ್ನೇ ಒಪ್ಪಿಸುವ ಒಂದು ಮಾತು. ಮೂರನೆಯದನ್ನು ಕ್ರೆಸಿ ಬಹಳ ಒತ್ತಿ ಹೇಳುತ್ತಾರೆ. ಆ ಮಾತು ಅಪರಾಧದ ನಂತರ ಹುಟ್ಟುವ ನೆಪವಲ್ಲ, ಅಪರಾಧಕ್ಕಿಂತ ಮೊದಲೇ ಅವನ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಬಹುಪಾಲು ಜನರ ಬಾಯಲ್ಲಿ ಅದು ‘ಸಾಲವಾಗಿ ತೆಗೆದುಕೊಂಡಿದ್ದೇನೆ, ಹಿಂದಿರುಗಿಸುತ್ತೇನೆ’ ಎಂಬ ರೂಪದಲ್ಲಿತ್ತು.

ನಾನು ಪುಸ್ತಕದಲ್ಲಿ ಓದುವ ಮೊದಲೇ ಇದನ್ನು ಕಣ್ಣಾರೆ ಕಂಡಿದ್ದೆ. ಒಂದು ಸಂಸ್ಥೆಯ ನಗದು ಪುಸ್ತಕವನ್ನು ಪರಿಶೀಲಿಸುವಾಗ ಕೊರತೆ ಕಾಣಿಸಿತು. ಅಲ್ಲಿನ ನಗದು ಗುಮಾಸ್ತರು ವಾದಿಸಲಿಲ್ಲ, ಮೇಜಿನ ಸೆಳೆಖಾನೆಯಿಂದ ಒಂದು ಚಿಕ್ಕ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು. ತಾವು ತೆಗೆದುಕೊಂಡ ಪ್ರತಿಯೊಂದು ಮೊತ್ತವನ್ನೂ ದಿನಾಂಕದೊಂದಿಗೆ, ದುಂಡಾದ ಅಕ್ಷರದಲ್ಲಿ, ಅದರಲ್ಲಿ ಬರೆದಿಟ್ಟಿದ್ದರು. ಮೊದಲ ವರ್ಷ ಕೆಲವು ಮೊತ್ತಗಳ ಎದುರಿಗೆ ‘ಮರಳಿಸಿದೆ’ ಎಂದಿತ್ತು, ಆಮೇಲೆ ಇರಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಕೋಪ ಬರಲಿಲ್ಲ, ಆದರೂ ವರದಿಯನ್ನು ಬರೆದೆ. ಆ ಪುಟಗಳು ಇಂದಿಗೂ ನನ್ನ ಕಣ್ಣ ಮುಂದಿವೆ.

ಒಳ್ಳೆಯ ಕಾದಂಬರಿಕಾರ ನಮ್ಮ ಕೈಗಿಡುವುದು ಅಂಥದೇ ಚಿಕ್ಕ ಪುಸ್ತಕವನ್ನು. ಸ್ಕಾಟ್ ಸ್ಮಿತ್ ಅವರ ‘ಎ ಸಿಂಪಲ್ ಪ್ಲಾನ್’ (1993) ಕಾದಂಬರಿಯಲ್ಲಿ ಮೂವರಿಗೆ ಹಿಮದಲ್ಲಿ ಬಿದ್ದ ವಿಮಾನವೊಂದರಲ್ಲಿ 44 ಲಕ್ಷ ಡಾಲರ್ ಸಿಗುತ್ತದೆ. ಕಥೆ ಹೇಳುವವನು ಲೆಕ್ಕ ಬರೆಯುವ ಕೆಲಸದವನು. ಹಣವನ್ನು ಕೆಲವು ತಿಂಗಳು ಮುಟ್ಟದೆ ಬಚ್ಚಿಡೋಣ, ಯಾರಾದರೂ ಹುಡುಕಿಕೊಂಡು ಬಂದರೆ ಸುಟ್ಟುಬಿಡೋಣ ಎಂದು ಅವನು ತೀರ್ಮಾನಿಸಿದಾಗ ನಾನು ತಲೆಯಾಡಿಸಿದ್ದು ಇನ್ನೂ ನೆನಪಿದೆ. ಆ ಕ್ಷಣಕ್ಕೆ ಅದು ವಿವೇಕದ ಮಾತಾಗಿಯೇ ಕೇಳಿಸುತ್ತದೆ. ಅವನ ಪ್ರತಿಯೊಂದು ಹೆಜ್ಜೆಯೂ ಹಿಂದಿನದಕ್ಕಿಂತ ಕೂದಲೆಳೆಯಷ್ಟೇ ಮುಂದಿರುವುದರಿಂದ, ನಿಲ್ಲು ಎಂದು ಹೇಳಬೇಕಾದ ಜಾಗ ನಮಗೆ ಸಿಗುವುದೇ ಇಲ್ಲ. ನೀವು ಮೊದಲ ಸುಳ್ಳನ್ನು ಕ್ಷಮಿಸಿದಿರಿ ಎಂದಿರಿ. ಆ ಸುಳ್ಳಿಗೆ ಮುಂಚೆ ಅವನು ತನಗೆ ತಾನೇ ಹೇಳಿಕೊಂಡ ಮಾತನ್ನು ನೀವು ಕೇಳಿಸಿಕೊಂಡು ಒಪ್ಪಿದ್ದಿರಿ ಎಂದು ನನಗನಿಸುತ್ತದೆ.

ಉತ್ತರ 3: ಅಂಚಿನ ಟಿಪ್ಪಣಿ

ಕೂಡಿಕಳೆ ಸರ್ ಅವರ ಮಾತಿಗೆ ಒಂದು ಚಿಕ್ಕ ಸೇರ್ಪಡೆ. ಪೆಟ್ರೀಷಿಯಾ ಹೈಸ್ಮಿತ್ 1950ರಲ್ಲಿ ಬರೆದ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ ಕಾದಂಬರಿಯಲ್ಲಿ ರೈಲಿನಲ್ಲಿ ಭೇಟಿಯಾದ ಅಪರಿಚಿತನ ಒತ್ತಡಕ್ಕೆ ಮಣಿದು ನಾಯಕ ಕೊನೆಗೂ ಕೊಲೆ ಮಾಡುತ್ತಾನೆ. ಮರುವರ್ಷ ಬಂದ ಚಲನಚಿತ್ರದಲ್ಲಿ ಅವನು ಮಾಡುವುದಿಲ್ಲ. ಎರಡನ್ನೂ ಬಲ್ಲವರು, ಓದುಗರು ಅವನ ಜೊತೆ ನಡೆದ ದೂರ ಎಷ್ಟು, ಪ್ರೇಕ್ಷಕರಿಂದ ನಿರೀಕ್ಷಿಸಿದ ದೂರ ಎಷ್ಟು ಎಂದು ಹೋಲಿಸಿ ನೋಡಬಹುದು.

ಉತ್ತರ 4: ಸುತ್ತಿಗೆ ಮತ್ತು ಉಳಿ

ಗುಂಡು ಹಾರಿಸಿದ ಪ್ರಸಂಗದ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಸಾಮಾನ್ಯ ಮನುಷ್ಯ ಅಪಾಯದಿಂದ ಪಾರಾಗಬಾರದೆಂದು ನನ್ನ ಹಟವೇನೂ ಇಲ್ಲ. ಆದರೆ ಪಾರಾಗಲು ಬಳಸುವ ಉಪಾಯ ಅವನ ದಿನನಿತ್ಯದ ಬದುಕಿನಿಂದಲೇ ಬರಬೇಕು.

ಎರಿಕ್ ಆ್ಯಂಬ್ಲರ್ ಅವರ ‘ಜರ್ನಿ ಇನ್‌ಟು ಫಿಯರ್’ (1940) ಕಾದಂಬರಿಯ ನಾಯಕ ಗ್ರಹಾಂ ನೌಕಾಪಡೆಯ ಫಿರಂಗಿಗಳಿಗೆ ಸಂಬಂಧಿಸಿದ ಎಂಜಿನಿಯರ್. ಶಸ್ತ್ರಾಸ್ತ್ರಗಳ ನಡುವೆಯೇ ದುಡಿಯುವವನು, ಆದರೆ ತನ್ನ ಮೇಲೆ ಯಾರೋ ಗುಂಡು ಹಾರಿಸುವವರೆಗೂ ಅವು ಮನುಷ್ಯರನ್ನು ಕೊಲ್ಲುತ್ತವೆಂಬುದು ಅವನ ಅನುಭವಕ್ಕೆ ಬಂದಿರುವುದಿಲ್ಲ. ಹಡಗಿನಲ್ಲಿ ಊರಿಗೆ ಮರಳುವಾಗ ಅವನ ಬಳಿ ಒಂದು ರಿವಾಲ್ವರ್ ಇರುತ್ತದೆ. ಅದನ್ನು ಕೋಣೆಯಲ್ಲಿ ಬಚ್ಚಿಡುತ್ತಾನೆ, ಅದು ಕಳುವಾಗುತ್ತದೆ. ಇಷ್ಟೇ ನಡೆಯುವುದು, ಆದರೆ ಆ ಪುಟದಲ್ಲಿ ನನಗೆ ಹುಟ್ಟಿದ ಭಯ ಹತ್ತು ಗುಂಡಿನ ಕಾಳಗಗಳನ್ನು ಓದಿದಾಗಲೂ ಹುಟ್ಟಿಲ್ಲ. ರಿವಾಲ್ವರನ್ನು ಬಚ್ಚಿಟ್ಟ ರೀತಿಯಲ್ಲೇ ಅವನು ಎಂಥವನೆಂದು ತಿಳಿಯುತ್ತದೆ.

ನಮಗೆಲ್ಲ ಪರಿಚಿತವಾದ ಉದಾಹರಣೆ ಬೇಕೆಂದರೆ, 2013ರಲ್ಲಿ ಮಲಯಾಳದಲ್ಲಿ ಬಂದು ಮರುವರ್ಷ ಕನ್ನಡದಲ್ಲಿ ತಯಾರಾದ ‘ದೃಶ್ಯ’ ಚಿತ್ರವಿದೆ. ಅದರ ನಾಯಕ ಕೇಬಲ್ ಟಿವಿ ನಡೆಸುವವನು, ಹೆಚ್ಚು ಓದಿದವನಲ್ಲ, ಹಗಲಿರುಳು ಸಿನಿಮಾ ನೋಡುವವನು. ಪೊಲೀಸರ ಪ್ರಶ್ನೆಗಳಿಗೆ ಅವನು ಸಜ್ಜಾಗುವುದು ಆ ನೋಟದ ಬಲದಿಂದಲೇ. ಜನರ ನೆನಪು ಹೇಗೆ ರೂಪುಗೊಳ್ಳುತ್ತದೆಂಬುದನ್ನು ಅವನು ಬಲ್ಲ. ಸಿನಿಮಾ ಅವನಿಗೆ ಕಲಿಸಿದ್ದು ಅದನ್ನೇ. ಅವನೂ ಒಂದು ದೃಶ್ಯದಲ್ಲಿ ಬಂದೂಕು ಹಿಡಿದು ನಿಂತಿದ್ದರೆ ಇಡೀ ಕಟ್ಟಡ ಕುಸಿಯುತ್ತಿತ್ತು.

ಉತ್ತರ 5: ಕಿಟಕಿಯ ಪಕ್ಕ

ಮೇಲಿನ ಎಲ್ಲರ ಮಾತನ್ನೂ ಗೌರವದಿಂದ ಓದಿದೆ, ಆದರೆ ಒಂದು ವಿಷಯದಲ್ಲಿ ನನಗೆ ಸ್ಪಷ್ಟ ಭಿನ್ನಾಭಿಪ್ರಾಯವಿದೆ. ಪೊಲೀಸರ ಬಳಿ ಹೋಗದಿರುವುದಕ್ಕೆ ಕಾರಣ ಬೇಕು ಎನ್ನುವಾಗ, ಹೋದರೆ ಎಲ್ಲವೂ ಸರಿಯಾಗುತ್ತದೆಂದು ನಾವು ಊಹಿಸಿಕೊಂಡಿದ್ದೇವೆ. ಹಿಚ್‌ಕಾಕ್ ಅವರ ‘ದಿ ರಾಂಗ್ ಮ್ಯಾನ್’ (1956) ಚಿತ್ರಕ್ಕೆ ಆಧಾರವಾದ ನಿಜ ಘಟನೆ ಬೇರೆಯೇ ಹೇಳುತ್ತದೆ. ಕ್ಲಬ್ಬೊಂದರಲ್ಲಿ ವಾದ್ಯ ನುಡಿಸುತ್ತಿದ್ದ ನ್ಯೂಯಾರ್ಕಿನ ಸಂಗೀತಗಾರರೊಬ್ಬರು ಹೆಂಡತಿಯ ವಿಮಾ ಪಾಲಿಸಿಯ ಮೇಲೆ ಸಾಲ ಸಿಗುವುದೇ ಎಂದು ವಿಚಾರಿಸಲು ವಿಮಾ ಕಚೇರಿಗೆ ಹೋದರು. ಹಿಂದೆ ಅಲ್ಲಿ ದರೋಡೆ ಮಾಡಿದವನು ಇವರೇ ಎಂದು ಅಲ್ಲಿನ ನೌಕರರು ತಪ್ಪಾಗಿ ಗುರುತಿಸಿದ್ದರಿಂದ 1953ರಲ್ಲಿ ಅವರ ಬಂಧನವಾಯಿತು. ದರೋಡೆಕೋರ ಬರೆದಿದ್ದ ಚೀಟಿಯ ಮಾತುಗಳನ್ನು ಪೊಲೀಸರು ಇವರಿಂದ ಬರೆಸಿದಾಗ, ಆ ಚೀಟಿಯಲ್ಲಿದ್ದ ಕಾಗುಣಿತದ ತಪ್ಪನ್ನೇ ಇವರೂ ಮಾಡಿದರು. ಒಂದು ಅಕ್ಷರದೋಷ! ನಿಜವಾದ ಅಪರಾಧಿ ಮುಂದೆ ಸಿಕ್ಕಿಬಿದ್ದ ಮೇಲೆ ಇವರು ಆರೋಪದಿಂದ ಮುಕ್ತರಾದರು, ಆದರೆ ಅಷ್ಟರಲ್ಲಿ ಅವರ ಪತ್ನಿ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ್ದರು.

ಈ ಮನುಷ್ಯ ಓಡಲಿಲ್ಲ, ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರಿಸಿದರು. ಓದುಗರಾಗಿ ನಮ್ಮೊಳಗೆ ಈ ಭಯ ಮೊದಲಿನಿಂದಲೂ ಇರುತ್ತದೆ. ಲೇಖಕ ಕಾರಣ ಬರೆಯದಿದ್ದರೂ ಅರ್ಧ ಕಾರಣವನ್ನು ನಾವೇ ತುಂಬಿಕೊಳ್ಳುವುದು ಹೀಗೆಯೇ.

ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಪತ್ನಿಯ ಸಂಗತಿ. ಇಂಥ ಕಥೆಗಳಲ್ಲಿ ಹೆಂಡತಿ ಸಾಮಾನ್ಯವಾಗಿ ಏನನ್ನೂ ತಿಳಿಯದವಳು, ರಕ್ಷಿಸಬೇಕಾದವಳು, ಅಥವಾ ತಡರಾತ್ರಿ ‘ಎಲ್ಲಿಗೆ ಹೋಗಿದ್ದಿರಿ?’ ಎಂದು ಕೇಳುವವಳು ಮಾತ್ರ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಈ ಕಾರಣಕ್ಕೇ ನನಗೆ ಅಚ್ಚುಮೆಚ್ಚು. ಏಲಕ್ಕಿ ಬೆಳೆಯುವ ಯುವ ದಂಪತಿ ಸುರೇಶ ಮತ್ತು ಗೌರಿ ಇಬ್ಬರೂ ಒಟ್ಟಿಗೇ ಆ ಸುಳಿಯೊಳಗೆ ಸಿಲುಕುತ್ತಾರೆ. ಒಬ್ಬನೇ ಸಿಲುಕಿಕೊಂಡರೆ ಅವನ ತರ್ಕವನ್ನು ಪರೀಕ್ಷಿಸುವವರು ಯಾರೂ ಇರುವುದಿಲ್ಲ. ಇಬ್ಬರಿದ್ದಾಗ ಒಬ್ಬರ ಭಯವನ್ನು ಇನ್ನೊಬ್ಬರು ಪ್ರಶ್ನಿಸುತ್ತಾರೆ, ಜಗಳವಾಡುತ್ತಾರೆ, ನಂಬುತ್ತಾರೆ. ಕ್ರೆಸಿಯವರ ‘ಹೇಳಿಕೊಳ್ಳಲಾಗದ ತೊಂದರೆ’ ಎಂಬ ಮಾತನ್ನು ಓದಿದಾಗ ನನಗೆ ಹೊಳೆದದ್ದು ಇದು: ನಾಯಕ ಮನೆಯಲ್ಲಿ ಬಾಯಿಬಿಟ್ಟಿದ್ದರೆ ಅರ್ಧಕ್ಕರ್ಧ ಥ್ರಿಲ್ಲರ್‌ಗಳು ಬೇರೆಯೇ ದಾರಿ ಹಿಡಿಯುತ್ತಿದ್ದವು.

ಮರುನುಡಿ: ರಾತ್ರಿಯ ಓದುಗ

ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೂಡಿಕಳೆ ಸರ್, ನಿಮ್ಮ ಆ ಚಿಕ್ಕ ಪುಸ್ತಕದ ಪ್ರಸಂಗವನ್ನು ಓದಿದ ಮೇಲೆ ಬಹಳ ಹೊತ್ತು ಬೇರೇನನ್ನೂ ಓದಲಾಗಲಿಲ್ಲ.

ನಿನ್ನೆ ರಾತ್ರಿ ಆ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡು, ಬಿಟ್ಟ ಪುಟದಿಂದ ಓದದೆ, ಮೊದಲ ಅಧ್ಯಾಯದಿಂದ ಓದಿದೆ. ಅವನ ಮೊದಲ ಸುಳ್ಳು ತನಿಖಾಧಿಕಾರಿಗೆ ಹೇಳಿದ್ದೆಂದು ನಾನು ತಿಳಿದಿದ್ದೆ. ಅದು ತಪ್ಪು. ಲಕೋಟೆಯನ್ನು ತಂದ ದಿನ ಸಂಜೆ ಹೆಂಡತಿ ‘ಏನದು?’ ಎಂದು ಕೇಳುತ್ತಾಳೆ, ಅವನು ‘ಕಚೇರಿಯ ಕಾಗದ’ ಎನ್ನುತ್ತಾನೆ. ಆಗಿನ್ನೂ ಯಾರೂ ಸತ್ತಿರಲಿಲ್ಲ, ಅವನಿಗೆ ಯಾವ ಬೆದರಿಕೆಯೂ ಇರಲಿಲ್ಲ. ನಾನು ಆ ಸಾಲನ್ನು ಮೊದಲ ಓದಿನಲ್ಲಿ ಗಮನಿಸದೆ ದಾಟಿಹೋಗಿದ್ದೆ.

ಗುಂಡಿನ ಪ್ರಸಂಗವನ್ನು ಈಗಲೂ ಒಪ್ಪಲಾರೆ. ಆದರೆ ಉಳಿದ ಕಾಲು ಪಾಲನ್ನು ಈ ವಾರ ಓದಿ ಮುಗಿಸುತ್ತೇನೆ. ಆ ಹೆಂಡತಿಗೆ ಅವನು ಯಾವಾಗ ನಿಜ ಹೇಳುತ್ತಾನೆಂದು ತಿಳಿಯಬೇಕಾಗಿದೆ.