ಹಳೆಯ ಸ್ಪೋರ್ಟ್ಸ್ ಸೆಡಾನ್‌ನ ಸಸ್ಪೆನ್ಷನ್: ಗಟ್ಟಿ ಸ್ಪ್ರಿಂಗ್‌ಗೂ ಮೊದಲು ನೋಡಬೇಕಾದದ್ದು

ಪ್ರಶ್ನೆ (ದಾವಣಗೆರೆಯ ಸದಸ್ಯರು):

ನಮಸ್ಕಾರ ಸರ್. ನನ್ನಲ್ಲಿ 2010ರ ಬಿಎಂಡಬ್ಲ್ಯು 320ಡಿ ಇದೆ, ಇ90 ಮಾದರಿ. ನಾನು ಇದರ ಎರಡನೆಯ ಮಾಲೀಕ. ಎಂಜಿನ್ ಬಗ್ಗೆ ದೂರಿಲ್ಲ. ಆದರೆ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಲೇನ್ ಬದಲಿಸಿದರೆ ಕಾರಿನ ಹಿಂಭಾಗ ಒಂದು ಕ್ಷಣ ತಡವಾಗಿ ತಿರುಗಿದಂತೆ ಅನಿಸುತ್ತದೆ. ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ, ಊರೊಳಗಿನ ಸಣ್ಣ ಗುಂಡಿಗಳಲ್ಲಿ ಮುಂದಿನಿಂದ ಟಕ್ ಟಕ್ ಸದ್ದು ಬರುತ್ತದೆ. ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಮತ್ತು ಪಾಲಿಯುರೇಥೇನ್ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿ ರಬ್ಬರ್ ಬದಲು ಕೂರುವ ಗಟ್ಟಿ ಮೆತ್ತೆ) ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ತಂದೆ ತಾಯಿಯೂ ಇದೇ ಕಾರಿನಲ್ಲಿ ಓಡಾಡುತ್ತಾರೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ (ಸಸ್ಪೆನ್ಷನ್ ತಂತ್ರಜ್ಞರು):

ನಮಸ್ಕಾರ. ನೀವು ಹೇಳಿದ ಮೂರೂ ಲಕ್ಷಣಗಳು ಸವೆತದ ಲಕ್ಷಣಗಳು. ಸ್ಪ್ರಿಂಗ್ ಮೃದುವಾಗಿರುವುದರಿಂದ ಇವು ಬರುವುದಿಲ್ಲ, ಆದ್ದರಿಂದ ಗಟ್ಟಿ ಸ್ಪ್ರಿಂಗ್ ಹಾಕಿದರೆ ಇವು ಹೋಗುವುದೂ ಇಲ್ಲ. ಕಾರ್ಖಾನೆಯಿಂದ ಬಂದಾಗ ಈ ಕಾರು ಹೇಗೆ ಓಡುತ್ತಿತ್ತೋ ಮೊದಲು ಅದನ್ನು ಆ ಸ್ಥಿತಿಗೆ ತರಬೇಕು. ಅದಾದ ಮೇಲೆ ಇನ್ನೂ ಏನು ಬೇಕು ಎಂಬುದನ್ನು ಓಡಿಸಿ ನೋಡಿ ನಿರ್ಧರಿಸಿ. ಹದಿನೈದು ವರ್ಷ ಬಿಸಿಲು ಮಳೆ ಕಂಡ ಇ90ಯನ್ನು ಹೀಗೆ ಸರಿಪಡಿಸಿದ ಮೇಲೆ, ಹೆಚ್ಚಿನ ಮಾಲೀಕರಿಗೆ ಎರಡನೆಯ ಹಂತದ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ರೇಕ್ ಒತ್ತಿದಾಗಿನ ನಡುಕದಿಂದ ಆರಂಭಿಸೋಣ. ಇ90ಯ ಮುಂದಿನ ಚಕ್ರವನ್ನು ಕೆಳಗಡೆ ಎರಡು ಪ್ರತ್ಯೇಕ ಆರ್ಮ್‌ಗಳು ಹಿಡಿದಿರುತ್ತವೆ. ಅವುಗಳಲ್ಲಿ ಓರೆಯಾಗಿರುವ ಆರ್ಮ್‌ನ ಬುಷ್ ಒಳಗೆ ದ್ರವ ತುಂಬಿರುತ್ತದೆ, ಚಕ್ರದ ಕಂಪನವನ್ನು ನುಂಗುವುದು ಅದರ ಕೆಲಸ. ಆ ರಬ್ಬರ್ ಸೀಳಿ ದ್ರವ ಸೋರಿಹೋದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದೆ ಮುಂದೆ ಅಲುಗಾಡುತ್ತದೆ, ಆ ಅಲುಗಾಟ ಸ್ಟೀರಿಂಗ್‌ಗೆ ಬರುತ್ತದೆ. ಕಾರನ್ನು ಲಿಫ್ಟ್‌ಗೆ ಏರಿಸಿದಾಗ ಬುಷ್‌ನ ಸುತ್ತ ಎಣ್ಣೆಯಂಥ ಕಲೆ ಕಂಡರೆ ಅನುಮಾನ ಪರಿಹಾರವಾದಂತೆ. ನಡುಕದ ಜೊತೆಗೆ ಬ್ರೇಕ್ ಪೆಡಲ್ ಕೂಡ ಕಾಲಿನಡಿ ಮಿಡಿಯುತ್ತಿದ್ದರೆ ಬ್ರೇಕ್ ಡಿಸ್ಕ್ ಅನ್ನೂ ಅಳತೆ ಮಾಡಿಸಿ. ಸಣ್ಣ ಗುಂಡಿಯಲ್ಲಿ ಬರುವ ಟಕ್ ಸದ್ದಿಗೆ ಬಹುಮಟ್ಟಿಗೆ ಆಂಟಿ-ರೋಲ್ ಬಾರ್‌ನ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಂಬಿ) ಲಿಂಕ್ ರಾಡ್ ಕಾರಣವಾಗಿರುತ್ತದೆ. ಅದು ಕಡಿಮೆ ಖರ್ಚಿನ ಭಾಗ, ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ.

ಹಿಂಭಾಗ ತಡವಾಗಿ ತಿರುಗುವುದು ಇದಕ್ಕಿಂತ ಗಂಭೀರವಾದ ವಿಷಯ. ಇ90ಯ ಹಿಂದಿನ ಪ್ರತಿ ಚಕ್ರವನ್ನೂ ಐದು ಲಿಂಕ್‌ಗಳು ಹಿಡಿದಿರುತ್ತವೆ, ಅವುಗಳ ತುದಿಗಳಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಒಂದೊಂದು ಬುಷ್ ಸ್ವಲ್ಪವೇ ಸಡಿಲಗೊಂಡಿದ್ದರೂ ಆ ಸಡಿಲಗಳೆಲ್ಲ ಸೇರಿ, ತಿರುವಿನಲ್ಲಿ ಭಾರ ಬಿದ್ದಾಗ ಚಕ್ರದ ಟೋ ಕೋನವನ್ನೇ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಿಸುತ್ತವೆ, ಅಂದರೆ ನೀವು ಸ್ಟೀರಿಂಗ್ ತಿರುಗಿಸದಿದ್ದರೂ ಹಿಂದಿನ ಚಕ್ರ ತಾನಾಗಿಯೇ ಸ್ವಲ್ಪ ತಿರುಗುತ್ತದೆ. ಅಲೈನ್‌ಮೆಂಟ್ ಯಂತ್ರ ನಿಂತ ಕಾರನ್ನು ಅಳೆಯುವುದರಿಂದ ಈ ದೋಷ ಅಲ್ಲಿ ಕಾಣುವುದಿಲ್ಲ. ಪ್ರೈ ಬಾರ್ ಹಾಕಿ ಒಂದೊಂದು ಲಿಂಕ್ ಅನ್ನೂ ಮೀಟಿ ನೋಡುವ ತಾಳ್ಮೆಯುಳ್ಳ ಮೆಕ್ಯಾನಿಕ್‌ನನ್ನು ಹುಡುಕಿ.

ಪಾಲಿಯುರೇಥೇನ್ ಬುಷ್ ನಿಮಗೆ ಬೇಡ. ಹಿಂದಿನ ಲಿಂಕ್‌ಗಳು ಒಂದೇ ದಿಕ್ಕಿನಲ್ಲಿ ತಿರುಗುವುದಿಲ್ಲ, ಕೆಲವು ಮೇಲೆ ಕೆಳಗೆ ಆಡುವಾಗ ಓರೆಯಾಗಿಯೂ ತಿರುಚಿಕೊಳ್ಳುತ್ತವೆ. ಈ ತಿರುಚುವಿಕೆಗೆ ರಬ್ಬರ್ ಬಾಗುತ್ತದೆ. ಪಾಲಿಯುರೇಥೇನ್ ಅಷ್ಟು ಬಾಗದೆ ಲಿಂಕ್ ಅನ್ನು ಬಿಗಿಹಿಡಿಯುತ್ತದೆ. ಜೊತೆಗೆ ಒಳಗೆ ಕುಳಿತವರಿಗೆ ಸದ್ದು ಹೆಚ್ಚುತ್ತದೆ. ಮೂಲ ಗುಣಮಟ್ಟದ ಹೊಸ ರಬ್ಬರ್ ಬುಷ್ ಹಾಕಿಸಿ, ಹಾಕಿಸುವಾಗ ಒಂದು ಮಾತನ್ನು ಮಾತ್ರ ಬಿಡದೆ ಹೇಳಿ: ಬುಷ್‌ನ ಬೋಲ್ಟ್‌ಗಳನ್ನು ಕೊನೆಯ ಬಿಗಿತಕ್ಕೆ ತರುವಾಗ ಚಕ್ರಗಳ ಮೇಲೆ ಕಾರಿನ ಭಾರ ಇರಬೇಕು. ಕಾರು ಲಿಫ್ಟ್‌ನಲ್ಲಿ ತೂಗುತ್ತಿರುವಾಗ ಬಿಗಿದರೆ ಒಳಗಿನ ರಬ್ಬರ್ ಆ ಇಳಿದ ಸ್ಥಾನವನ್ನೇ ಹಿಡಿದುಕೊಳ್ಳುತ್ತದೆ, ಕಾರು ನೆಲಕ್ಕಿಳಿದ ಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಬೇಗನೆ ಹಾಳಾದಾಗ ಜನ ಕಂಪನಿಯನ್ನು ದೂರುತ್ತಾರೆ, ಆದರೆ ಹಲವು ಸಲ ತಪ್ಪು ಇರುವುದು ಬಿಗಿದ ರೀತಿಯಲ್ಲಿ.

ಇನ್ನು ಶಾಕ್ ಅಬ್ಸಾರ್ಬರ್. ನಮ್ಮ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಹಾಗಾಗಿ ಅದರ ಮೇಲೆ ಹಾಕಿದ ಟಾರು ರಸ್ತೆ ವರ್ಷ ಕಳೆದಂತೆ ಅಲೆಅಲೆಯಾಗುತ್ತದೆ. ಇಂಥ ಉದ್ದನೆಯ ಅಲೆಗಳ ಮೇಲೆ ಕಾರು ಮೇಲೆದ್ದು ಇಳಿಯುವುದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಭಾರವನ್ನು ಹೊರುತ್ತದೆ, ಆದರೆ ಕುಗ್ಗಿದಾಗ ಕೂಡಿಟ್ಟ ಶಕ್ತಿಯನ್ನು ಹಿಂದಕ್ಕೆ ಕೊಟ್ಟುಬಿಡುತ್ತದೆ. ಆ ಶಕ್ತಿಯನ್ನು ಶಾಖವಾಗಿ ಕರಗಿಸುವುದು ಶಾಕ್‌ನೊಳಗಿನ ಎಣ್ಣೆ. ಸವೆದ ಶಾಕ್‌ಗೆ ಗಟ್ಟಿ ಸ್ಪ್ರಿಂಗ್ ಜೋಡಿಸಿದರೆ ಅದು ತಡೆಯಬೇಕಾದ ಶಕ್ತಿ ಇನ್ನೂ ಹೆಚ್ಚುತ್ತದೆ, ಕಾರು ಮೊದಲಿಗಿಂತ ಹೆಚ್ಚು ಪುಟಿಯುತ್ತದೆ. ಎಣ್ಣೆ ಸೋರಿಕೆ, ಟೈರ್‌ನ ಮೇಲ್ಮೈಯಲ್ಲಿ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆತ, ಅಲೆ ದಾಟಿದ ಮೇಲೂ ಮತ್ತೊಮ್ಮೆ ಎದ್ದು ಕೂರುವ ಕಾರು, ಇವುಗಳನ್ನು ಗಮನಿಸಿ. ಬಾನೆಟ್ ಒತ್ತಿ ನೋಡುವ ಪರೀಕ್ಷೆಯೊಂದನ್ನೇ ನಂಬಬೇಡಿ. ಮೂಲ ಸ್ಪ್ರಿಂಗ್ ಉಳಿಸಿಕೊಳ್ಳುವುದಾದರೆ ಬಿಲ್‌ಸ್ಟೈನ್ ಬಿ4 ಮೂಲದಂತೆಯೇ ಇರುತ್ತದೆ, ಬಿ6 ಅದಕ್ಕಿಂತ ಬಿಗಿಯಾದದ್ದು. ಬಿ8 ಎಂಬುದು ತಗ್ಗಿಸಿದ ಸ್ಪ್ರಿಂಗ್‌ಗಾಗಿ ಗಿಡ್ಡಗೊಳಿಸಿದ್ದು, ನಿಮ್ಮ ಕಾರಿಗೆ ಅದು ಹೊಂದುವುದಿಲ್ಲ. ಮನೆಯ ಹಿರಿಯರು ಕೂರುವ ಕಾರಾದ್ದರಿಂದ ನಾನಾಗಿದ್ದರೆ ಬಿ4 ಆರಿಸುತ್ತೇನೆ. ಜೊತೆಗೆ ಸ್ಟ್ರಟ್ ಮೌಂಟ್ (ಮುಂದಿನ ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಸೇರಿಸುವ ಭಾಗ) ಮತ್ತು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಮೆತ್ತೆ) ಹೊಸದಾಗಿರಲಿ.

ಟೈರ್ ಬಗ್ಗೆ ನೀವು ಬರೆದಿಲ್ಲ. ಈ ಕಾರಿಗೆ ಮೂಲದಲ್ಲಿ ರನ್-ಫ್ಲಾಟ್ ಟೈರ್ ಬರುತ್ತಿತ್ತು. ಗಾಳಿ ಹೋದರೂ ಕಾರನ್ನು ಹೊರಬೇಕಾದ್ದರಿಂದ ಅದರ ಪಕ್ಕದ ಗೋಡೆ ಬಹಳ ಗಟ್ಟಿ, ನಿಮ್ಮ ಬುಷ್‌ಗಳು ತಿಂದ ಪೆಟ್ಟಿನಲ್ಲಿ ಅದರ ಪಾಲೂ ಇರುತ್ತದೆ. ಸಾಮಾನ್ಯ ಟೈರ್‌ಗೆ ಬದಲಿಸಿದರೆ ಕಾರು ಮೃದುವಾಗಿ, ಆದರೂ ಹಿಡಿತದಿಂದ ಓಡುತ್ತದೆ. ಸ್ಟೆಪ್ನಿ ಇಲ್ಲದ ಕಾರಾದ್ದರಿಂದ ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪ್ ಡಿಕ್ಕಿಯಲ್ಲಿರಲಿ. 17 ಇಂಚಿನ ಚಕ್ರದ 225/45 ಆರ್17 ಟೈರ್ ಬದಲು 16 ಇಂಚಿನ ಚಕ್ರದ 205/55 ಆರ್16 ಟೈರ್‌ಗೆ ಇಳಿದರೆ ಒಟ್ಟು ವ್ಯಾಸದಲ್ಲಿ ಕೇವಲ 2 ಮಿ.ಮೀ.ನಷ್ಟು ವ್ಯತ್ಯಾಸ, ಆದರೆ ರಬ್ಬರ್ ಗೋಡೆಯ ಎತ್ತರ ಸುಮಾರು 101 ಮಿ.ಮೀ.ನಿಂದ 113ಕ್ಕೆ ಏರುತ್ತದೆ. ನಮ್ಮ ರಸ್ತೆಗಳಿಗೆ ಇದು ಒಳ್ಳೆಯ ಬದಲಾವಣೆ. ಟೈರ್‌ನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು.

ಪ್ರಶ್ನೆ (ಚಿತ್ರದುರ್ಗದ ಸದಸ್ಯರು):

ಸರ್, ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಹೊಳಲ್ಕೆರೆ ರಸ್ತೆಯ ತಿರುವುಗಳಲ್ಲಿ ಕಾರು ವಾಲುತ್ತದೆ, ಮುಂಭಾಗ ಹೊರಕ್ಕೆ ಜಾರುತ್ತದೆ. ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿ ತಗ್ಗಿಸಿಕೊಡುತ್ತೇವೆ ಎಂದು ಇಲ್ಲೊಬ್ಬರು ಹೇಳುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ:

ದಯವಿಟ್ಟು ಮಾಡಿಸಬೇಡಿ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದನ್ನು ಕತ್ತರಿಸಿದರೆ ಅದರ ಗಡಸು ಶೇ 20ರಷ್ಟು ಹೆಚ್ಚುತ್ತದೆ, ಶಾಕ್ ಮಾತ್ರ ಹಳೆಯ ಗಡಸಿಗೇ ಹೊಂದಿಕೊಂಡಿರುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಉದ್ದ ಕಡಿಮೆಯಾದ ಸ್ಪ್ರಿಂಗ್ ಚಕ್ರ ಪೂರ್ತಿ ಕೆಳಗಿಳಿದಾಗ ತನ್ನ ಕೂಡುಜಾಗದಿಂದ ಸಡಿಲಗೊಂಡು ಪಕ್ಕಕ್ಕೆ ಸರಿಯಬಹುದು.

ವಾಲುವಿಕೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ಮುಖ್ಯವಾಗಿ ಕಾರಿನ ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ಬಿರುಸು ನಿರ್ಧರಿಸುತ್ತವೆ. ಸ್ಪ್ರಿಂಗ್ ಅಥವಾ ಆಂಟಿ-ರೋಲ್ ಬಾರ್ ಗಟ್ಟಿಯಾದರೆ ಕಾರು ವಾಲುವುದು ಕಡಿಮೆಯಾಗುತ್ತದೆ, ಆದರೆ ಸರಿಯುವ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಆ ಭಾರ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂಬ ಹಂಚಿಕೆ. ಮುಂಭಾಗವನ್ನು ಗಟ್ಟಿ ಮಾಡಿದರೆ ಮುಂದಿನ ಹೊರಚಕ್ರದ ಮೇಲೆ ಹೊರೆ ಹೆಚ್ಚಿ, ಈಗಾಗಲೇ ಜಾರುತ್ತಿರುವ ನಿಮ್ಮ ಕಾರು ಇನ್ನಷ್ಟು ಜಾರುತ್ತದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಹಿಂಭಾಗಕ್ಕೆ ಸ್ವಲ್ಪ ದಪ್ಪನೆಯ ಬಾರ್ ಹಾಕುವುದು ಸರಿಯಾದ ದಾರಿ. ಅದನ್ನೂ ಟೈರ್ ಮತ್ತು ಬುಷ್ ಸರಿಯಾದ ಮೇಲೆ, ಮಿತವಾಗಿ ಮಾಡಿ, ಏಕೆಂದರೆ ಅತಿಯಾದರೆ ಮಳೆಯ ರಸ್ತೆಯಲ್ಲಿ ಹಿಂಭಾಗ ಜಾರಲು ಆರಂಭಿಸುತ್ತದೆ.

ತಗ್ಗಿಸುವುದರಲ್ಲಿ ಇನ್ನೊಂದು ತೊಡಕಿದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿರುವ ಜೋಡಣೆ) ಇರುವ ಕಾರನ್ನು ಅತಿಯಾಗಿ ಇಳಿಸಿದರೆ ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲಕ್ಕೆ ಹೋಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ, ಎರಡರ ನಡುವಿನ ಅಂತರ ಬೆಳೆದು ವಾಲಿಸುವ ಬಲವೇ ಹೆಚ್ಚಾಗುತ್ತದೆ. ನೋಡಲು ತಗ್ಗಾದ ಕಾರು ತಿರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆದುಕೊಳ್ಳುವುದು ಇದರಿಂದಲೇ. ನಿಮ್ಮ ಕಾರಿನ ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವುದರಿಂದ ಅದರ ಎರಡು ದೊಡ್ಡ ಬುಷ್‌ಗಳನ್ನು ಮೊದಲು ನೋಡಿಸಿ.

ಪ್ರಶ್ನೆ (ಹರಿಹರದ ಸದಸ್ಯರು):

ಅಂಗಡಿಗಳಲ್ಲಿ ಸಿಗುವ ರಬ್ಬರ್ ಸ್ಪ್ರಿಂಗ್ ಬಫರ್ ಹಾಕಿದರೆ ಈ ಎಲ್ಲ ಖರ್ಚು ತಪ್ಪುತ್ತದೆಯೇ?

ಉತ್ತರ:

ಇಲ್ಲ. ಸುತ್ತುಗಳ ನಡುವೆ ಕೂರುವ ಆ ರಬ್ಬರ್, ತಾನಿರುವ ಜಾಗದ ಸುತ್ತನ್ನು ಕೆಲಸ ಮಾಡದಂತೆ ತಡೆಯುತ್ತದೆ. ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ, ಗುಂಡಿಯ ಪೆಟ್ಟು ಸ್ಟ್ರಟ್ ಮೌಂಟ್‌ಗೆ ನೇರವಾಗಿ ಹೋಗುತ್ತದೆ. ಸ್ಪ್ರಿಂಗ್ ಕುಸಿದಿದ್ದರೆ ಅದನ್ನೇ ಬದಲಿಸಿ.

ಪ್ರಶ್ನೆ (ಮೊದಲು ಕೇಳಿದ ದಾವಣಗೆರೆಯ ಸದಸ್ಯರು):

ಬಹಳ ಉಪಕಾರವಾಯಿತು ಸರ್. ಬುಷ್, ಶಾಕ್, ಟೈರ್ ಎಲ್ಲ ಆದ ಮೇಲೆ ಅಲೈನ್‌ಮೆಂಟ್‌ನಲ್ಲಿ ಏನು ಹೇಳಿ ಮಾಡಿಸಬೇಕು?

ಉತ್ತರ:

ಕಾರಿನ ಟ್ಯಾಂಕ್ ತುಂಬಿಸಿಕೊಂಡು ಹೋಗಿ. ಸೀಟುಗಳ ಮೇಲೆ ಜನರಷ್ಟು ತೂಕ ಇಡಿಸಿ, ಏಕೆಂದರೆ ಬಿಎಂಡಬ್ಲ್ಯು ಕೊಡುವ ಅಳತೆಗಳು ಭಾರ ಹೊತ್ತ ಕಾರಿಗೆ ಸಂಬಂಧಿಸಿದವು. ಮೊದಲು ಹಿಂದಿನ ಚಕ್ರಗಳು, ಆಮೇಲೆ ಮುಂದಿನವು. ಹಿಂದಿನ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ ಎರಡನ್ನೂ ಎಕ್ಸೆಂಟ್ರಿಕ್ ಬೋಲ್ಟ್‌ಗಳಿಂದ (ತಿರುಗಿಸಿದರೆ ಲಿಂಕ್ ಅನ್ನು ಸರಿಸುವ ಬೋಲ್ಟ್‌ಗಳು) ಹೊಂದಿಸಬಹುದು, ಆದರೆ ಹಳೆಯ ಕಾರಿನಲ್ಲಿ ಅವು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ, ಹೊಸ ಬೋಲ್ಟ್ ಜೊತೆಗಿಟ್ಟುಕೊಳ್ಳಿ. ಮುಂಭಾಗದ ಟೋ ಟೈ ರಾಡ್‌ನಿಂದ ಬದಲಾಗುತ್ತದೆ. ಮುಂದಿನ ಕ್ಯಾಂಬರ್‌ಗೆ ನೇರ ಹೊಂದಾಣಿಕೆ ಇಲ್ಲ, ಆದರೂ ಸ್ಟ್ರಟ್ ಮೌಂಟ್‌ನ ಸ್ಥಾನ ಹಿಡಿಯುವ ಚಿಕ್ಕ ಪಿನ್ ತೆಗೆದು ಸ್ಟ್ರಟ್‌ನ ಮೇಲ್ತುದಿಯನ್ನು ಒಳಕ್ಕೆ ತಳ್ಳಿದರೆ ಸುಮಾರು ಅರ್ಧ ಡಿಗ್ರಿ ಋಣ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು) ಸಿಗುತ್ತದೆ. ಎಡಬಲ ಸಮವಾಗಿರಬೇಕು. ಮೂಲ ವಿನ್ಯಾಸದಲ್ಲಿ ಹಿಂದಿನ ಚಕ್ರಗಳಿಗೆ ಮುಂದಿನವುಗಳಿಗಿಂತ ಹೆಚ್ಚು ಋಣ ಕ್ಯಾಂಬರ್ ಇರುವುದರಿಂದ ಈ ಅರ್ಧ ಡಿಗ್ರಿಯಲ್ಲೇ ಮುಂಭಾಗ ಚುರುಕಾಗಿ ತಿರುಗುವುದು ನಿಮ್ಮ ಕೈಗೆ ತಿಳಿಯುತ್ತದೆ. ಹಿಂದಿನ ಟೋ ಮಾತ್ರ ಸ್ವಲ್ಪ ಒಳಮುಖವಾಗಿಯೇ ಇರಲಿ, ಹಿಂಚಕ್ರ ಚಾಲನೆಯ ಕಾರು ಹೆದ್ದಾರಿಯಲ್ಲಿ ನೆಟ್ಟಗೆ ಓಡಲು ಅದು ಬೇಕು.

ಕೊನೆಯ ಸಣ್ಣ ಹೊಂದಾಣಿಕೆಯನ್ನು ಗಾಳಿಯಿಂದ ಮಾಡಿಕೊಳ್ಳಬಹುದು. ಬಾಗಿಲ ಕಂಬದ ಸ್ಟಿಕರ್‌ನಲ್ಲಿರುವ ಒತ್ತಡವನ್ನು ಬೆಳಗಿನ ತಂಪಿನಲ್ಲಿ ತುಂಬಿಸಿ, ಅಲ್ಲಿಂದ ಮುಂದಿನ ಅಥವಾ ಹಿಂದಿನ ಚಕ್ರಗಳ ಜೋಡಿಗೆ ಮಾತ್ರ 2 ಪಿಎಸ್‌ಐ ಹೆಚ್ಚಿಸಿ ಕೆಲವು ದಿನ ಓಡಿಸಿ ನೋಡಿ. ಸ್ಟಿಕರ್‌ನ ಅಳತೆಗಿಂತ ಕೆಳಗೆ ಎಂದೂ ಇಳಿಸಬೇಡಿ.