ಬಳ್ಳಾರಿ ಬಿಸಿಲಲ್ಲಿ ತಾರಸಿ ಗಿಡ ಉಳಿಸುವುದು ಹೇಗೆ?

ಪ್ರಶ್ನೆ, ಬಳ್ಳಾರಿಯಿಂದ:
ದೀಪಾವಳಿ ಹೊತ್ತಿಗೆ ಮೈಸೂರಿನಿಂದ ಇಲ್ಲಿಗೆ ಬಂದೆವು. ತಾರಸಿ ಮೇಲೆ ದುಂಡುಮಲ್ಲಿಗೆ, ದಾಸವಾಳ, ಕರಿಬೇವು, ತುಳಸಿ, ಒಂದಿಷ್ಟು ಫರ್ನ್ ಇವೆ. ಹೆಚ್ಚಿನವು ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿವೆ. ಮಾರ್ಚ್‌ನಲ್ಲೇ ಎಲೆಗಳ ಅಂಚು ಸುಟ್ಟಿದೆ. ದಿನಕ್ಕೆ ಮೂರು ಸಲ ನೀರು ಹಾಕಿದರೂ ಮಧ್ಯಾಹ್ನ ಬಾಡುತ್ತವೆ. ಮೇ ದಾಟಿಸುವುದು ಹೇಗೆ? ಬಿಸಿಲೂರಿನವರು ಹೇಳಿ.

ಕಲಬುರಗಿಯಿಂದ:
ಮೊದಲು ಆ ಮೂರು ಸಲದ ನೀರು ನಿಲ್ಲಿಸಿ ಅಕ್ಕ. ನೀವು ಎಲೆ ನೋಡುತ್ತಿದ್ದೀರಿ, ತೊಂದರೆ ಇರುವುದು ಕುಂಡದಲ್ಲಿ. ನೆಲದ ಗಿಡದ ಬೇರು ತಂಪು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಕುಂಡದ ಗಿಡಕ್ಕೆ ಆ ದಾರಿ ಇಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುತ್ತದೆ. ಬಿಸಿಲು ಬಿದ್ದ ಕಪ್ಪು ಕುಂಡದೊಳಗಿನ ಮಣ್ಣು ಅದಕ್ಕಿಂತ ಜಾಸ್ತಿ ಕಾಯುತ್ತದೆ, ಕೆಳಗಿನಿಂದ ಆರ್‌ಸಿಸಿ ಕಾವು ಬೇರೆ. ಬೇರು ಬೆಂದ ಮೇಲೆ ಎಷ್ಟು ನೀರಿದ್ದರೂ ಅದು ಎಳೆದುಕೊಳ್ಳುವುದಿಲ್ಲ. ಗಿಡ ಬಾಡುತ್ತದೆ, ನಾವು ಇನ್ನಷ್ಟು ಸುರಿಯುತ್ತೇವೆ, ಕೊನೆಗೆ ಬೇರು ಕೊಳೆಯುತ್ತದೆ.

ಹಾಗಾಗಿ ಕುಂಡಗಳನ್ನು ಇಟ್ಟಿಗೆ ಮೇಲೆ ಎತ್ತಿಡಿ, ಅಡಿಯಲ್ಲಿ ಗಾಳಿ ಆಡಲಿ. ಎಲ್ಲವನ್ನೂ ಒತ್ತೊತ್ತಾಗಿ ಗುಂಪು ಮಾಡಿ. ಗಟ್ಟಿ ಗಿಡಗಳು ಪಶ್ಚಿಮದ ಕಡೆ ಇರಲಿ, ಉಳಿದವು ಅವುಗಳ ನೆರಳಲ್ಲಿ. ಹೊರಸಾಲಿನ ಕುಂಡಗಳಿಗೆ ಗೋಣಿಚೀಲ ಸುತ್ತಿ, ಇಲ್ಲವೇ ಸುಣ್ಣ ಬಳಿಯಿರಿ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಅಥವಾ ಹೊಟ್ಟು ಹರಡಿ. ನಮ್ಮದು ತೊಗರಿ ಸೀಮೆ, ತೊಗರಿ ಹೊಟ್ಟಿಗೆ ಬರವಿಲ್ಲ. ನಿಮ್ಮ ಕಡೆ ಶೇಂಗಾ ಸಿಪ್ಪೆ ಸಿಗಬಹುದು. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಬಂತಾ ಅಂತ ಆಗಾಗ ಕೆದಕಿ ನೋಡಿ.

ರಾಯಚೂರಿನಿಂದ:
ಇವರು ಹೇಳಿದ್ದು ಸರಿ, ಆದರೆ ನೆರಳಿನ ಬಲೆ ಇಲ್ಲದೆ ಏಪ್ರಿಲ್ ದಾಟುವುದು ಕಷ್ಟ. ಹಸಿರು ಶೇಡ್ ನೆಟ್ ತರುವಾಗ 50 ಪರ್ಸೆಂಟ್‌ನದು, ಅಂದರೆ ಅರ್ಧ ಬಿಸಿಲು ತಡೆಯುವಂಥದ್ದು ಕೇಳಿ. 75 ಅಥವಾ 90 ತಂದರೆ ಗಿಡ ಹಸಿರಾಗಿಯೇನೋ ಇರುತ್ತದೆ, ಮಲ್ಲಿಗೆ ಹೂ ಬಿಡುವುದಿಲ್ಲ. ಮಲ್ಲಿಗೆಗೆ ಬೆಳಗಿನ ಬಿಸಿಲು ಬೇಕೇ ಬೇಕು. ಬಲೆಯನ್ನು ಗಿಡದ ಮೇಲೆ ಹೊದಿಸಬೇಡಿ, ತಲೆಗಿಂತ ಎತ್ತರಕ್ಕೆ ಕಟ್ಟಿ, ಬದಿಗಳು ತೆರೆದಿರಲಿ. ಹಗ್ಗ ಮಾತ್ರ ಗಟ್ಟಿ ಇರಬೇಕು. ಮೇ ತಿಂಗಳ ಗಾಳಿಮಳೆಗೆ ಬಲೆ ಪಕ್ಕದ ಮನೆ ಟ್ಯಾಂಕ್ ಮೇಲೆ ಹೋಗಿ ಕೂರುತ್ತದೆ! ದುಡ್ಡು ಖರ್ಚು ಬೇಡ ಅಂದ್ರೆ ಹಳೆಯ ಕಾಟನ್ ಪಂಚೆ ಸಾಕು, ಹನ್ನೊಂದರಿಂದ ನಾಲ್ಕರವರೆಗೆ ಕಟ್ಟಿ ಬಿಚ್ಚಿ.

ಹುಬ್ಬಳ್ಳಿಯಿಂದ:
ನೀರಿನ ಬಗ್ಗೆ ಸ್ವಲ್ಪ. ಬಿಸಿಲಲ್ಲಿ ಬಿದ್ದ ಪೈಪಿನಲ್ಲಿ ಮೊದಲು ಬರುವ ನೀರು ಕೈ ಸುಡುತ್ತದೆ. ಅದನ್ನು ಬಕೆಟ್‌ಗೆ ಬಿಟ್ಟು, ತಣ್ಣಗಿನದು ಬಂದ ಮೇಲೆ ಗಿಡಕ್ಕೆ ಹಿಡಿಯಿರಿ. ಬೆಳಗ್ಗೆ ಏಳರೊಳಗೆ, ತಳದ ತೂತಿನಿಂದ ಹೊರಬರುವಷ್ಟು ಹಾಕಿ. ಸಂಜೆ ಬೆರಳು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ. ಬೆಳಗ್ಗೆ ಏಳುವಾಗಲೂ ಜೋತಿದ್ದರೆ ಕೈ ಹಾಕಬೇಕು.

ಇನ್ನೊಂದು, ಮಣ್ಣಿಗೆ ಬೆರೆಸುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ಒಣಗಿದರೆ ಬೇಗ ನೀರು ಕುಡಿಯುವುದಿಲ್ಲ. ಹಾಕಿದ್ದೆಲ್ಲ ಅಂಚಿನಿಂದ ಜಾರಿ ತಳಕ್ಕೆ ಹೋಗುತ್ತದೆ. ಅಂಥ ಕುಂಡವನ್ನು ಅರ್ಧ ಗಂಟೆ ಟಬ್ ನೀರಲ್ಲಿ ಕೂರಿಸಿ. ದಾಸವಾಳದ ಎಲೆ ತಿರುಗಿಸಿ ನೋಡಿ, ಬಿಸಿಲಿಗೆ ನುಸಿ ಜಾಸ್ತಿ. ಎಲೆಯ ಅಡಿಗೆ ಜೋರಾಗಿ ನೀರು ಚಿಮ್ಮಿಸಿದರೆ ಕಡಿಮೆ ಆಗುತ್ತದೆ. ಗೊಬ್ಬರ, ಕತ್ತರಿ, ಕುಂಡ ಬದಲಾವಣೆ ಎಲ್ಲ ಜೂನ್‌ಗೆ.

ಶಾರ್ಜಾದಿಂದ:
ನಮ್ಮಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ. ಬಕೆಟ್ ತುಂಬಿ ರಾತ್ರಿಯಿಡೀ ಮನೆಯೊಳಗೆ ಇಟ್ಟು ಬೆಳಗ್ಗೆ ಹಾಕುತ್ತೇವೆ. ಬಾಲ್ಕನಿಯ ಕರಿಬೇವು ಉಳಿದಿರುವುದು ಕುಂಡದೊಳಗೆ ಕುಂಡ ಇಟ್ಟಿದ್ದರಿಂದ. ದೊಡ್ಡ ಮಣ್ಣಿನ ಕುಂಡ, ಒಳಗೆ ಚಿಕ್ಕದು, ನಡುವೆ ಒದ್ದೆ ಮರಳು. ಎರಡಕ್ಕೂ ತೂತು ಇರಲಿ. ಎಸಿಯ ಹೊರಗಿನ ಯೂನಿಟ್ ಎದುರು ಮಾತ್ರ ಯಾವ ಗಿಡವನ್ನೂ ಇಡಬೇಡಿ.

ಬಳ್ಳಾರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಇಟ್ಟಿಗೆ ಇವತ್ತೇ ಇಡಿಸುತ್ತೇನೆ. ಫರ್ನ್ ಏನು ಮಾಡಲಿ? ಮೇನಲ್ಲಿ ತಂಗಿ ಮದುವೆಗೆ ವಾರ ಊರಲ್ಲಿ ಇರುವುದಿಲ್ಲ.

ಕಲಬುರಗಿಯಿಂದ:
ಫರ್ನ್ ಅನ್ನು ಈ ಬಿಸಿಗಾಳಿಗೆ ಒಡ್ಡಬೇಡಿ, ಬಚ್ಚಲುಮನೆ ಕಿಟಕಿಗೆ ಇಳಿಸಿ. ವಾರಕ್ಕೆ ಹೋಗುವಾಗ ಚಿಕ್ಕ ಕುಂಡಗಳನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಸಾಗಿಸಿ. ಬಕೆಟ್ ನೀರು ಪಕ್ಕದಲ್ಲಿ ಎತ್ತರಕ್ಕಿಟ್ಟು, ಅದರಿಂದ ಹತ್ತಿ ದಾರ ಎಳೆದು ಒಂದೊಂದು ಕುಂಡದ ಮಣ್ಣಿಗೆ ಹೂಳಿ. ದಾರ ಬೆರಳು ದಪ್ಪ ಇರಲಿ. ಹೋಗುವ ಎರಡು ದಿನ ಮೊದಲೇ ಹಾಕಿ ನೋಡಿ, ಕೆಲವು ದಾರ ನೀರು ಎಳೆಯುವುದೇ ಇಲ್ಲ. ದೊಡ್ಡ ಕುಂಡಗಳಿಗೆ ಪಕ್ಕದ ಮನೆಯವರನ್ನೇ ಕೇಳಿಕೊಳ್ಳಬೇಕು. ಬೆಳಗ್ಗೆ ಒಂದೇ ಸಲ ಅಂತ ಹೇಳಿ ಹೋಗಿ, ಇಲ್ಲದಿದ್ದರೆ ಅವರೂ ಮೂರು ಸಲ ಹಾಕುತ್ತಾರೆ.